ಖಾಲಿ ಫಾರ್ಮಿನ ಮೇಲೊಂದು ಸಹಿ

1981ರಿಂದ ಇಪ್ಪತ್ತೊಂಬತ್ತು ವರ್ಷ ನಾನು ಒಂದು ಆರ್‌ಟಿಓ ಕಚೇರಿಯ ಗೇಟಿನ ಹೊರಗೆ, ಹೊಂಗೆ ಮರದ ಕೆಳಗೆ ರೆಮಿಂಗ್ಟನ್ ಟೈಪ್‌ರೈಟರ್ ಇಟ್ಟುಕೊಂಡು ಕೂತಿದ್ದೆ. ಮಲೆನಾಡಿನ ಅಂಚಿನ ಊರು. ಹೆಸರು ಬೇಡ, ಆ ಕಚೇರಿಯಲ್ಲಿ ಕೆಲಸ ಮಾಡಿದವರು ಕೆಲವರು ಈಗಲೂ ಸಂಜೆ ವಾಕಿಂಗಿನಲ್ಲಿ ಸಿಗುತ್ತಾರೆ. ನಾನು ಏಜೆಂಟನಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಜೆಂಟರು ಒಳಗೆ ಹೋಗುವವರು. ನಾನು ಹೊರಗೆ ಕೂತು ಫಾರ್ಮು ತುಂಬುವವನು, ಅಫಿಡವಿಟ್ಟು ಹೊಡೆಯುವವನು. ಆರ್‌ಸಿ ಪುಸ್ತಕ ಬಸ್ಸಿನಲ್ಲಿ ಕಳೆದುಹೋಗಿದೆ, ಗಾಡಿಯ ಯಜಮಾನರು ತೀರಿಕೊಂಡಿದ್ದಾರೆ, ಫೈನಾನ್ಸಿನ ಸಾಲ ತೀರಿದೆ, ಆದರೆ ಪುಸ್ತಕದಲ್ಲಿ ಎಚ್.ಪಿ. ಎಂಬ ಸಾಲದ ಷರಾ ಹಾಗೇ ಉಳಿದಿದೆ. ಇಂಥವು.

ಹೊಸ ಗಾಡಿ ಕೊಂಡವರು ನನ್ನ ಹತ್ತಿರ ಬರುತ್ತಿದ್ದುದು ಕಡಿಮೆ. ಅವರ ಕೆಲಸ ಷೋರೂಮಿನವರೇ ಮುಗಿಸಿಕೊಡುತ್ತಿದ್ದರು. ನನ್ನ ಮನೆಯ ಒಲೆ ಉರಿದದ್ದು ಸೆಕೆಂಡ್ ಹ್ಯಾಂಡ್ ಗಾಡಿಗಳಿಂದ. ಅದರಲ್ಲೂ ಮುಖ್ಯವಾಗಿ ‘ಓಪನ್ ಲೆಟರ್’ ಎಂಬ ಒಂದು ರೂಢಿಯಿಂದ.

ಹೊಸಬರಿಗೆ ಅದೇನೆಂದು ಹೇಳಬೇಕು. ಗಾಡಿ ಮಾರುವವನು ವರ್ಗಾವಣೆಯ ಫಾರ್ಮಿಗೆ ಸಹಿ ಹಾಕಿಕೊಡುತ್ತಾನೆ. ಕೊಳ್ಳುವವನ ಹೆಸರಿನ ಜಾಗ ಖಾಲಿ, ತಾರೀಖಿನ ಜಾಗವೂ ಖಾಲಿ. ಆ ಫಾರ್ಮು, ಆರ್‌ಸಿ ಪುಸ್ತಕ, ಇನ್ಶೂರೆನ್ಸು, ಟ್ಯಾಕ್ಸ್ ಕಾರ್ಡು ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಕವರಿಗೆ ತುರುಕಿ ಕೀಲಿಯ ಜೊತೆ ಕೊಟ್ಟರೆ ವ್ಯಾಪಾರ ಮುಗಿಯಿತು. ಕೊಂಡವನು ಗಾಡಿಯನ್ನು ತನ್ನ ಹೆಸರಿಗೆ ಮಾಡಿಸಿಕೊಂಡರೆ ಸರಿ. ಇಲ್ಲವಾದರೆ ಆರು ತಿಂಗಳು ಓಡಿಸಿ, ಅದೇ ಕವರನ್ನು ಇನ್ನೊಬ್ಬನ ಕೈಗೆ ದಾಟಿಸಿದ. ಗಾಡಿ ಐದು ಮನೆ ತಿರುಗಿದರೂ ಕಚೇರಿಯ ರಿಜಿಸ್ಟರಿನಲ್ಲಿ ಮೊದಲನೆಯವನೇ ಮಾಲೀಕ. ನನ್ನ ಮುಂದೆ ಇಟ್ಟ ಫಾರ್ಮನ್ನು ನೋಡಿದರೇ ತಿಳಿಯುತ್ತಿತ್ತು: ಕೆಳಗಿನ ಸಹಿ ಮಾಸಿದ ರಾಯಲ್ ಬ್ಲೂ ಶಾಯಿಯದು, ಫಾರ್ಮಿನ ಮಡಿಕೆ ಹರಿದು ಹಿಂದಿನಿಂದ ಗೋಂದು ಕಾಗದ ಅಂಟಿಸಿದೆ. ಮೇಲಿನ ಹೆಸರನ್ನು ಮಾತ್ರ ಇವತ್ತು ಬೆಳಿಗ್ಗೆ ಬಾಲ್‌ಪೆನ್ನಿನಲ್ಲಿ ಬರೆದದ್ದು.

ಇದು ಕಳ್ಳರು ಕಂಡುಹಿಡಿದ ಉಪಾಯ ಎಂದುಕೊಳ್ಳಬೇಡಿ. ಇದರ ಹುಟ್ಟು ನಮ್ಮ ದೇಶದ ಅಭಾವದ ಕಾಲದಲ್ಲಿದೆ. ಆಗ ಕಾರು ಎಂದರೆ ಅಂಬಾಸಿಡರ್, ಫಿಯಟ್, ಮದರಾಸಿನ ಸ್ಟ್ಯಾಂಡರ್ಡ್, ಅಷ್ಟೆ. ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಫಿಯಟ್ ಒಂದು ಷೋರೂಮಿನಿಂದ ಹೊರಬಿದ್ದ ಗಳಿಗೆಯಲ್ಲೇ ಅದರ ಬೆಲೆ ಬಿಲ್ಲಿನಲ್ಲಿ ಬರೆದದ್ದಕ್ಕಿಂತ ಮೇಲೆ ಹೋಗುತ್ತಿತ್ತು. ಸ್ಕೂಟರಿನ ಕಥೆಯೂ ಅದೇ. ಸರ್ಕಾರ ಹಂಚಿಕೆಯನ್ನೇ ನಿಯಂತ್ರಿಸಲು ಹೊರಟಿತು: ಕಾರಿಗೆ 1959ರಲ್ಲಿ, ಸ್ಕೂಟರಿಗೆ 1960ರಲ್ಲಿ ನಿಯಂತ್ರಣ ಆದೇಶಗಳು ಬಂದವು. ಕೋಟಾದಲ್ಲಿ ಸಿಕ್ಕ ಹೊಸ ಗಾಡಿಯನ್ನು ಕೂಡಲೇ ಮಾರಿ ಲಾಭ ಮಾಡಿಕೊಳ್ಳದಂತೆ, ಇಂತಿಷ್ಟು ಕಾಲ ಪರವಾನಗಿ ಇಲ್ಲದೆ ಮಾರಬಾರದು ಎಂಬ ಕಟ್ಟಳೆಯನ್ನೂ ಹಾಕಿದರು.

ನಮ್ಮ ಜನ ಕಟ್ಟಳೆಯ ಮಗ್ಗುಲಲ್ಲೇ ಕಾಲುದಾರಿ ಮಾಡಿಕೊಳ್ಳುವವರು. ಕೋಟಾ ಇದ್ದವನು ತನ್ನ ಹೆಸರಲ್ಲಿ ಗಾಡಿ ಬಿಡಿಸಿಕೊಂಡ, ದುಡ್ಡಿದ್ದವನು ಮೇಲೊಂದಿಷ್ಟು ಕೊಟ್ಟು ತೆಗೆದುಕೊಂಡು ಹೋದ. ಕಾಗದದ ಮೇಲೆ ಮಾರಾಟವೇ ಆಗಿಲ್ಲ. ಅವಧಿ ಮುಗಿದ ಮೇಲೆ ತಾರೀಖು ತುಂಬಿಕೊಳ್ಳಲೆಂದು ಖಾಲಿ ಫಾರ್ಮಿಗೆ ಸಹಿ. ಅವಧಿಯೂ ಮುಗಿಯಿತು, ಮುಂದೆ 1983ರ ಡಿಸೆಂಬರಿನಲ್ಲಿ ಮಾರುತಿ ಬಂದು ಅಭಾವವೂ ಮೆಲ್ಲಗೆ ಮುಗಿಯಿತು. ಖಾಲಿ ಸಹಿಯ ರೂಢಿ ಮಾತ್ರ ಉಳಿಯಿತು. ದಲ್ಲಾಳಿಗಳಿಗೆ ಅದು ತುಂಬ ಅನುಕೂಲ: ಗಾಡಿ ತನ್ನ ಹೆಸರಿಗೆ ಬರುವುದಿಲ್ಲ, ಆರ್‌ಸಿ ಪುಸ್ತಕದಲ್ಲಿ ಮಾಲೀಕರ ಸಂಖ್ಯೆ ಏರುವುದಿಲ್ಲ, ಶುಲ್ಕ ಉಳಿಯುತ್ತದೆ. ‘ಸಿಂಗಲ್ ಓನರ್ ಗಾಡಿ ಸಾರ್’ ಎಂದು ಎದೆ ತಟ್ಟಿ ಹೇಳಬಹುದು.

ಆ ಕಾಲಕ್ಕೆ ಇದರಿಂದ ದೊಡ್ಡ ಅನಾಹುತವೂ ಆಗುತ್ತಿರಲಿಲ್ಲ ಎಂಬುದನ್ನು ಒಪ್ಪಬೇಕು. 1939ರ ಮೋಟಾರು ವಾಹನ ಕಾಯ್ದೆಯ ಒಂದು ಹಳೇ ಪ್ರತಿ ನನ್ನ ಟೈಪಿಂಗ್ ಮೇಜಿನ ಕೆಳಗೆ ಇರುತ್ತಿತ್ತು. ಮಾರಿದವನು 14 ದಿನದಲ್ಲಿ ತಿಳಿಸಬೇಕು, ಕೊಂಡವನು 30 ದಿನದಲ್ಲಿ ಕಚೇರಿಗೆ ಬರಬೇಕು ಎಂದು ಅದರಲ್ಲೂ ಇತ್ತು. ಆದರೆ ‘ಮಾಲೀಕ’ ಎಂದರೆ ಯಾರು ಎಂದು ವಿವರಿಸುವ ಕಡೆ ರಿಜಿಸ್ಟರಿನ ಸುದ್ದಿಯೇ ಇರಲಿಲ್ಲ. ಗಾಡಿ ಅಪ್ರಾಪ್ತ ವಯಸ್ಸಿನವನ ವಶದಲ್ಲಿದ್ದರೆ ಅವನ ಪೋಷಕ ಮಾಲೀಕ, ಕಂತಿನ ಮೇಲೆ ಕೊಂಡದ್ದಾದರೆ ಯಾರ ವಶದಲ್ಲಿದೆಯೋ ಅವನು ಮಾಲೀಕ. ಅಷ್ಟಕ್ಕೇ ನಿಂತುಬಿಟ್ಟಿತ್ತು. ಮಿಕ್ಕಿದ್ದು 1930ರ ಸರಕು ಮಾರಾಟ ಕಾಯ್ದೆಯ ಪ್ರಕಾರ: ಬೆಲೆ ಮಾತಾಡಿ ವಸ್ತು ಕೊಟ್ಟರೆ ಅದು ಕೊಂಡವನದು. ಎಮ್ಮೆ ಮಾರಿದ ಹಾಗೆ. ಹಾಗಾಗಿ ಅಪಘಾತದ ಕೇಸು ಬಂದರೂ ‘ಸ್ವಾಮಿ, ನಾನು ಎಂದೋ ಮಾರಿದೆ’ ಎಂದು ಹಳೇ ಮಾಲೀಕ ತಪ್ಪಿಸಿಕೊಳ್ಳಲು ದಾರಿ ಇತ್ತು.

ಹೊಸ ಕಾಯ್ದೆ ಆದದ್ದು 1988ರಲ್ಲಿ, ಜಾರಿಗೆ ಬಂದದ್ದು 1989ರ ಜುಲೈ 1ರಂದು. ನಮ್ಮ ಗೇಟಿನ ಹೊರಗೆ ಅದರ ಗುಡುಗು ಕೇಳಿಸಿದ್ದು ನಂಬರ್ ಪ್ಲೇಟಿನ ರೂಪದಲ್ಲಿ. ಎಂವೈ, ಎಂಇ, ಸಿಎ ಎಂದು ಶುರುವಾಗುತ್ತಿದ್ದ ನಂಬರುಗಳು ಹೋಗಿ ಕೆಎ ಬಂತು. ಮೈಸೂರಿಗೆ 09, ಮಂಗಳೂರಿಗೆ 19, ಹೀಗೆ. ಜನ ಅದನ್ನೇ ದೊಡ್ಡ ಬದಲಾವಣೆ ಎಂದುಕೊಂಡರು. ನಾನೂ.

ಅದೇ ವರ್ಷ ಡಿಸೆಂಬರಿನಲ್ಲಿ ನಾನೊಂದು ಕಾರು ಕೊಂಡೆ. ಬೇರೆಯವರ ಕಾರಿನ ಕಾಗದ ಟೈಪು ಮಾಡಿ ಮಾಡಿ ನನಗೂ ಒಂದು ಚಪಲ. 1968ರ ಫಿಯಟ್ 1100, ತಿಳಿ ಹಸಿರು ಬಣ್ಣ, 18,000 ರೂಪಾಯಿ. ಮಾರಿದವರು ಅಡಿಕೆ ಮಂಡಿಯವರು. ಅವರು ಅದನ್ನು ಒಬ್ಬ ಮೆಕ್ಯಾನಿಕ್ಕಿನಿಂದ, ಆತ ಒಬ್ಬ ಗುತ್ತಿಗೆದಾರನಿಂದ ತೆಗೆದುಕೊಂಡದ್ದು. ರಿಜಿಸ್ಟರಿನಲ್ಲಿದ್ದ ಮಾಲೀಕರು ಕೊಪ್ಪದ ಕಡೆಯ ಒಬ್ಬ ಕಾಫಿ ಪ್ಲಾಂಟರ್. ಕವರಿನೊಳಗೆ ಅವರ ಸಹಿಯಿದ್ದ ಖಾಲಿ ಫಾರ್ಮು ಭದ್ರವಾಗಿತ್ತು. ಸಾವಿರ ಜನರಿಗೆ ‘ಎಲ್ಲಾ ನೋಡಿಕೊಂಡು ದುಡ್ಡು ಕೊಡಿ’ ಎಂದು ಬುದ್ಧಿ ಹೇಳಿದವನು ನಾನು. ದುಡ್ಡು ಮೊದಲು ಕೊಟ್ಟೆ, ಕವರು ಆಮೇಲೆ ಬಿಚ್ಚಿದೆ.

ಒಳಗಿನ ಗುಮಾಸ್ತರು ಫಾರ್ಮನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ನಕ್ಕರು. “ಟೈಪಿಂಗ್ ಸಾರ್, ನಿಮಗೂ ಹೇಳಬೇಕಾ? ಇದು ಹಳೇ ರೂಲ್ಸಿನ ಫಾರ್ಮು. ಈಗ 29 ಎರಡು ಪ್ರತಿ, 30 ಒಂದು. ಪಾರ್ಟಿ ಸಹಿ ಹೊಸದಾಗಿ ತನ್ನಿ.”

ಕೇಂದ್ರದ ಹೊಸ ನಿಯಮಾವಳಿಯ ಜೊತೆ ದೇಶಕ್ಕೆಲ್ಲ ಒಂದೇ ನಮೂನೆಯ ಫಾರ್ಮುಗಳು ಬಂದಿದ್ದವು: ಮಾರಾಟ ತಿಳಿಸಲು 29, ವರ್ಗಾವಣೆಗೆ 30, ಮಾಲೀಕ ಸತ್ತಿದ್ದರೆ ವಾರಸುದಾರರಿಗೆ 31, ಬೇರೆ ಕಡೆಗೆ ಒಯ್ಯಲು ನಿರಾಕ್ಷೇಪಣಾ ಪತ್ರಕ್ಕೆ 28, ಸಾಲ ತೀರಿದ್ದಕ್ಕೆ 35. ನಮ್ಮ ರಾಜ್ಯದ 1963ರ ನಿಯಮಗಳ ಕಾಲದ ಫಾರ್ಮುಗಳು ಒಮ್ಮೆಲೇ ರದ್ದಿಯಾದವು. ಅಂದರೆ ಗೂಡಂಗಡಿಯ ಗಲ್ಲಾದಲ್ಲಿ, ಟ್ರಂಕಿನಲ್ಲಿ, ದೇವರ ಫೋಟೋದ ಹಿಂದೆ ಇಟ್ಟಿದ್ದ ಖಾಲಿ ಸಹಿಗಳೆಲ್ಲ ಬರಿ ಕಾಗದ. ಆ ಚಳಿಗಾಲ ನಮ್ಮ ಮರದ ಕೆಳಗೆ ಜಾತ್ರೆ. ಎಲ್ಲರೂ ಮೊದಲ ಮಾಲೀಕನನ್ನು ಹುಡುಕುವವರೇ. ಒಬ್ಬನಿಗೆ ಸಿಕ್ಕವನು ಸಹಿಗೆ 500 ರೂಪಾಯಿ ಕೇಳಿದ. ಇನ್ನೊಬ್ಬನವನು ಊರು ಬಿಟ್ಟು ಹೋಗಿದ್ದ. ನನ್ನ ಪ್ಲಾಂಟರು ತೀರಿಕೊಂಡು ಮೂರು ವರ್ಷವಾಗಿತ್ತು.

ಅಷ್ಟು ಸಾಲದು ಎಂಬಂತೆ ತೆರಿಗೆ. ಈಗಿನ ಲೈಫ್‌ಟೈಂ ಟ್ಯಾಕ್ಸಿಗೆ ಒಗ್ಗಿದವರಿಗೆ ಇದು ತಿಳಿಯಲಿಕ್ಕಿಲ್ಲ. ನನ್ನ ಫಿಯಟ್ಟಿನಂಥ ಕಾರಿಗೆ ಮೂರು ತಿಂಗಳಿಗೊಮ್ಮೆಯೋ ವರ್ಷಕ್ಕೊಮ್ಮೆಯೋ ಮುಂಗಡವಾಗಿ ತೆರಿಗೆ ಕಟ್ಟಿ, ಟ್ಯಾಕ್ಸೇಶನ್ ಕಾರ್ಡಿನಲ್ಲಿ ಮುದ್ರೆ ಹಾಕಿಸಿಕೊಳ್ಳಬೇಕಿತ್ತು. ಆ ಕಾರ್ಡು ಬಂದದ್ದು 1957ರ ಮೈಸೂರು ಮೋಟಾರು ವಾಹನ ತೆರಿಗೆ ಕಾಯ್ದೆಯಿಂದ. ಏಕೀಕರಣವಾದಾಗ ಧಾರವಾಡದ ಕಡೆಯ ಗಾಡಿಗಳಿಗೆ 1935ರ ಮುಂಬಯಿ ಕಾಯ್ದೆ, ದಕ್ಷಿಣ ಕನ್ನಡಕ್ಕೆ 1931ರ ಮದರಾಸು ಕಾಯ್ದೆ, ಹಳೇ ಮೈಸೂರಿಗೆ ಅದರದೇ ಲೆಕ್ಕ. ಕನ್ನಡಿಗರು ಒಂದಾದ ಮರುವರ್ಷವೇ ಅವರ ಮೋಟಾರುಗಳೂ ಒಂದೇ ತೆರಿಗೆಗೆ ಬಂದವು. ನಾಡಗೀತೆಗೆ ಮುಂಚೆ ನಮ್ಮನ್ನು ಒಂದುಗೂಡಿಸಿದ್ದು ಟ್ಯಾಕ್ಸು ಎಂದು ನಾನು ತಮಾಷೆ ಮಾಡುವುದುಂಟು.

ಆ ಕಾಯ್ದೆಯ ಎರಡು ಮಾತು ನನ್ನನ್ನು ಹಿಡಿದು ಹಾಕಿದವು. ತೆರಿಗೆ ಬೀಳುವುದು ಓಡುವ ಗಾಡಿಗೆ ಮಾತ್ರ ಅಲ್ಲ, ರಸ್ತೆಯ ಮೇಲೆ ಓಡಲು ಯೋಗ್ಯವಾದ ಗಾಡಿಗೆ. ಆರ್‌ಸಿ ಚಾಲ್ತಿಯಲ್ಲಿದ್ದರೆ ಗಾಡಿ ಯೋಗ್ಯವೆಂದೇ ಲೆಕ್ಕ, ಅದು ಕೊಟ್ಟಿಗೆಯಲ್ಲಿ ಇಟ್ಟಿಗೆಯ ಮೇಲೆ ನಿಂತಿದ್ದರೂ. ಓಡಿಸುವುದಿಲ್ಲ ಎಂದಾದರೆ ಮುಂಚೆಯೇ ಬರೆದುಕೊಟ್ಟು, ಕಾಗದಗಳನ್ನು ಒಪ್ಪಿಸಿ, ಗಾಡಿ ಎಲ್ಲಿ ನಿಲ್ಲಿಸಿದ್ದೇನೆಂದು ತಿಳಿಸಬೇಕಿತ್ತು. ಎರಡನೆಯದು, ಹಿಂದಿನವನು ಬಾಕಿ ಬಿಟ್ಟ ತೆರಿಗೆಗೆ ಈಗ ಗಾಡಿ ಯಾರ ಕೈಯಲ್ಲಿದೆಯೋ ಅವನೂ ಹೊಣೆ. ನನ್ನ ಕಾರ್ಡಿನಲ್ಲಿ ಕೊನೆಯ ಮುದ್ರೆ 1987ರ ಮಾರ್ಚಿನದು. ಮೆಕ್ಯಾನಿಕ್ಕಿನ ಶೆಡ್ಡಿನಲ್ಲಿ ಕಾರು ಬಿಡಿಭಾಗವಾಗಿ ಬಿದ್ದಿದ್ದಷ್ಟು ಕಾಲ ಯಾರೂ ಕಟ್ಟಿರಲಿಲ್ಲ. ಹನ್ನೊಂದು ಕ್ವಾರ್ಟರ್, ಮೇಲೆ ದಂಡ. ಮಂಡಿಯವರ ಬಳಿ ಹೋಗಿ ಕೇಳಿದೆ. “ಟ್ಯಾಕ್ಸು ತಮ್ಮದು ಅಂತ ಮಾತಾಗಿತ್ತಲ್ಲ ಯಜಮಾನ್ರೇ” ಎಂದರು. ಮಾತಾಗಿತ್ತೋ ಇಲ್ಲವೋ ನನಗೂ ನೆನಪಿರಲಿಲ್ಲ. ಬರವಣಿಗೆಯಂತೂ ಇರಲಿಲ್ಲ. ಮನೆಯವಳ ಎರಡು ಬಳೆ ಸಹಕಾರಿ ಬ್ಯಾಂಕಿಗೆ ಹೋದವು.

ಸಹಿಗೆಂದು ಕೊಪ್ಪದ ಕಡೆ ಬಸ್ಸಿನಲ್ಲಿ ಹೋದೆ. ಮುಖ್ಯರಸ್ತೆಯಲ್ಲಿ ಇಳಿದು ತೋಟದ ಒಳಗೆ ಎರಡು ಮೈಲಿ ನಡಿಗೆ. ಪ್ಲಾಂಟರ ಹೆಂಡತಿ ಜಗಲಿಯಲ್ಲಿ ಕೂತು ಕಾಳುಮೆಣಸು ಆರಿಸುತ್ತಿದ್ದರು. ಕಾರಿನ ನಂಬರು ಹೇಳಿದೆ. ಮೊರ ಕೆಳಗಿಟ್ಟರು.

“ಅದು ಇನ್ನೂ ಇದೆಯೇನಪ್ಪಾ? ಯಜಮಾನ್ರು ಅದನ್ನ ಕೊಟ್ಟು ಆರು ವರ್ಷ ಆಯ್ತು. ಒಂದ್ಸಲ ಪೊಲೀಸ್ನೋರು ಬಂದಿದ್ರು, ನಿಮ್ಮ ಕಾರಲ್ಲಿ ಗಂಧದ ತುಂಡು ಸಿಕ್ಕಿದೆ ಅಂತ. ಇವರು ಹಾಸಿಗೆ ಹಿಡಿದಿದ್ರು. ಎದ್ದು ಕೂತು ಹೇಳಿದ್ರು, ಕಾರು ನಂದಲ್ಲ, ಮಾರಿದೀನಿ ಅಂತ. ಯಾರಿಗೆ ಮಾರಿದ್ದು ಅಂದ್ರೆ ಹೆಸರು ಗೊತ್ತಿಲ್ಲ.”

ಆಕೆ ಕಾಫಿ ಕೊಟ್ಟರು. ಮರಣ ಪತ್ರ ತೆಗೆದುಕೊಟ್ಟರು. ಫಾರ್ಮು 31ಕ್ಕೆ ತಾವೇ ಸಹಿ ಹಾಕಿದರು. ಗಂಡುಮಕ್ಕಳಿಬ್ಬರ ಒಪ್ಪಿಗೆ ಪತ್ರವೂ ಬೇಕಿತ್ತು. ಒಬ್ಬ ಬೆಂಗಳೂರಿನಲ್ಲಿ, ಒಬ್ಬ ಮಸ್ಕತ್ತಿನಲ್ಲಿ. ಮಸ್ಕತ್ತಿನದು ಅಂಚೆಯಲ್ಲಿ ಹೋಗಿ ಬರಲು ಎರಡು ತಿಂಗಳು. ಕಾರು ಮೊದಲು ಸತ್ತವರ ಹೆಸರಿನಿಂದ ಅವರ ಹೆಂಡತಿಯ ಹೆಸರಿಗೆ, ಅಲ್ಲಿಂದ ನನ್ನ ಹೆಸರಿಗೆ. ಆ ತಾಯಿ ನನ್ನಿಂದ ಒಂದು ಪೈಸೆ ಮುಟ್ಟಲಿಲ್ಲ. ಹೊರಡುವಾಗ ಒಂದು ಪೊಟ್ಟಣ ಮೆಣಸು ಕಟ್ಟಿಕೊಟ್ಟು, ಡಿಕ್ಕಿಯ ಬಾಗಿಲು ಮಳೆಗಾಲದಲ್ಲಿ ಸೋರುತ್ತಿತ್ತು, ರಬ್ಬರ್ ಹಾಕಿಸಪ್ಪಾ ಎಂದರು.

ಕೊನೆಗೆ ಬ್ರೇಕ್ ಇನ್‌ಸ್ಪೆಕ್ಟರ ಮುಂದೆ ಗಾಡಿ ನಿಲ್ಲಿಸಿದೆ. ಮೋಟಾರು ವಾಹನ ನಿರೀಕ್ಷಕರು ಎಂದು ಬೋರ್ಡಿನಲ್ಲಿದ್ದರೂ ನಮ್ಮಲ್ಲಿ ಅವರನ್ನು ಹಾಗೆ ಕರೆದವರನ್ನು ನಾನು ಕಂಡಿಲ್ಲ. ಬಾನೆಟ್ ಎತ್ತಿ, ಚಾಸಿ ನಂಬರು ಕೊರೆದ ಕಡೆ ಬಟ್ಟೆಯಿಂದ ಗ್ರೀಸು ಒರೆಸಿ, ಬೆರಳಗಲದ ಕಾಗದದ ಪಟ್ಟಿಯನ್ನು ಒತ್ತಿ ಹಿಡಿದು ಅದರ ಮೇಲೆ ಪೆನ್ಸಿಲನ್ನು ಮಲಗಿಸಿ ಉಜ್ಜಬೇಕು. ಬೂದು ಬಣ್ಣದ ನಡುವೆ ಅಂಕೆಗಳು ಬೆಳ್ಳಗೆ ಏಳುತ್ತವೆ. ಕೈ ಸ್ವಲ್ಪ ಅಲುಗಿದರೂ ಅಂಕೆ ಜೋಡಿಯಾಗುತ್ತದೆ. ನನ್ನದರಲ್ಲಿ ಒಂದು ಅಂಕೆ 3ಓ 8ಓ ತಿಳಿಯದೆ ಮೂರು ಸಲ ಉಜ್ಜಿಸಿದರು. ಆ ಪಟ್ಟಿಯನ್ನು ಫಾರ್ಮಿಗೆ ಅಂಟಿಸಿದಾಗ ನನಗೆ ಮೊದಲ ಸಲ ಅನಿಸಿತು: ಇಷ್ಟೂ ಕಾಗದದಲ್ಲಿ ಸುಳ್ಳು ಹೇಳಲಾರದ್ದು ಇದೊಂದೇ. ಕಾರು ತಾನೇ ಹಾಕಿದ ಸಹಿ.

ಹೊಸ ಕಾಯ್ದೆ ನಿಜವಾಗಿ ಏನು ಮಾಡಿತ್ತು ಎಂಬುದು ನನಗೆ ತಿಳಿದದ್ದು ಇದೆಲ್ಲ ಮುಗಿದು ಬಹಳ ವರ್ಷದ ಮೇಲೆ, ಕೋರ್ಟಿನ ನೋಟೀಸು ಹಿಡಿದುಕೊಂಡು ಬಂದವರಿಂದ. 1988ರ ಕಾಯ್ದೆ ‘ಮಾಲೀಕ’ ಎಂಬ ಪದದ ಅರ್ಥವನ್ನೇ ಬದಲಾಯಿಸಿತ್ತು. ಯಾರ ಹೆಸರಿನಲ್ಲಿ ಗಾಡಿ ನೋಂದಣಿಯಾಗಿದೆಯೋ ಅವನೇ ಮಾಲೀಕ. ಒಂದೇ ಸಾಲು. ಅದರ ಮುಂದೆ ಖಾಲಿ ಸಹಿಯ ರೂಢಿ ತಲೆಕೆಳಗಾಯಿತು. ಹಿಂದೆ ಮಾರಿದವನಿಗೆ ಅದು ಬಿಡುಗಡೆಯ ಪತ್ರವಾಗಿತ್ತು. ಈಗ ತನ್ನ ಹೆಸರನ್ನು ಗುರುತಿಲ್ಲದವನ ಸ್ಟೀರಿಂಗಿಗೆ ಕಟ್ಟಿಕೊಟ್ಟ ಹಾಗೆ. ಫಾರ್ಮು ಬದಲಾದದ್ದು ಎಲ್ಲರಿಗೂ ಕಂಡಿತು, ನಂಬರ್ ಪ್ಲೇಟು ಬದಲಾದದ್ದು ಕಂಡಿತು. ಈ ಸಾಲು ಕಂಡವರು ನಮ್ಮ ಗೇಟಿನ ಹೊರಗೆ ಒಬ್ಬರೂ ಇರಲಿಲ್ಲ. ನಾವು ಹೊಸ ಫಾರ್ಮುಗಳಿಗೆ ಹಳೇ ಪದ್ಧತಿಯಲ್ಲೇ ಖಾಲಿ ಸಹಿ ಹಾಕಿಸತೊಡಗಿದೆವು. ಹೌದು, ನಾನೂ ಹಾಕಿಸಿದ್ದೇನೆ. ಸೆಟ್ಟಿಗೆ ಹತ್ತು ರೂಪಾಯಿ.

2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಇದಕ್ಕೆ ಕೊನೆಯ ಮೊಳೆ ಹೊಡೆಯಿತು. ಉತ್ತರ ಭಾರತದ ಒಂದು ಕಾರು. ರಿಜಿಸ್ಟರಿನಲ್ಲಿದ್ದವನು ಅದನ್ನು 2007ರಲ್ಲೇ ಮಾರಿದ್ದ, ಆಮೇಲೂ ಅದು ಕೈಯಿಂದ ಕೈಗೆ ಹೋಗಿತ್ತು. 2009ರಲ್ಲಿ ಅಪಘಾತವಾಗಿ ಒಂದು ಮಗು ಸತ್ತಿತು. ಇನ್ಶೂರೆನ್ಸು ಇರಲಿಲ್ಲ. ಪರಿಹಾರ ಯಾರು ಕೊಡಬೇಕು? ಹೈಕೋರ್ಟು ಕಾರು ಯಾರ ವಶದಲ್ಲಿತ್ತೋ ಅವನು ಎಂದಿತ್ತು. ಸುಪ್ರೀಂ ಕೋರ್ಟು ಅದನ್ನು ತಿರುಗಿಸಿ, ರಿಜಿಸ್ಟರಿನಲ್ಲಿದ್ದವನೇ ಕೊಡಬೇಕು ಎಂದಿತು. ಮಗುವನ್ನು ಕಳೆದುಕೊಂಡವರು ಕಾರು ಮಾರಾಟದ ಸರಪಳಿ ಹುಡುಕಿಕೊಂಡು ಅಲೆಯುವಂತೆ ಆಗಬಾರದು ಎಂಬುದು ಅದರ ಹಿಂದಿನ ವಿಚಾರ. ನ್ಯಾಯವಾದ ಮಾತು. ಆದರೆ ನನ್ನ ಕಣ್ಣಮುಂದೆ ಬಂದದ್ದು ಹಾಸಿಗೆಯಿಂದ ಎದ್ದು ಕೂತು ‘ಕಾರು ನಂದಲ್ಲ’ ಎಂದ ಆ ಪ್ಲಾಂಟರು.

ಅಷ್ಟರಲ್ಲಿ ನನ್ನ ಕಸುಬು ಮುಗಿದಿತ್ತು. ತೆಲಗಿಯ ನಕಲಿ ಛಾಪಾ ಕಾಗದದ ಹಗರಣದ ನಂತರ ಆ ಕಾಗದವೇ ಹೋಯಿತು, ಕಂಪ್ಯೂಟರಿನವರು ಬಂದರು, ಆರ್‌ಸಿ ಪುಸ್ತಕ ಹೋಗಿ ಪ್ಲಾಸ್ಟಿಕ್ ಕಾರ್ಡಾಯಿತು. ತೊಂದರೆಗಳೂ ವೇಷ ಬದಲಾಯಿಸಿದವು. ಮಗಳು ಬೆಂಗಳೂರಿನಲ್ಲಿ ಪುಣೆಯ ನಂಬರಿನ ಒಂದು ಹಳೇ ಕಾರು ಕೊಳ್ಳಲು ಹೊರಟಿದ್ದಳು. ಬೆಲೆ ಕಡಿಮೆ ಎಂದು ಅವಳಿಗೆ ಸಂಭ್ರಮ. ಅಲ್ಲಿ ಕಟ್ಟಿದ ಲೈಫ್‌ಟೈಂ ಟ್ಯಾಕ್ಸು ಕಾರಿನ ಜೊತೆ ಗಡಿ ದಾಟುವುದಿಲ್ಲ, ಇಲ್ಲಿ ಮತ್ತೆ ಕಟ್ಟಿ, ಆಮೇಲೆ ಅಲ್ಲಿಂದ ಮರುಪಾವತಿಗೆ ಅರ್ಜಿ ಹಾಕಬೇಕು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ನಮ್ಮ ರಾಜ್ಯದ ದರವೋ, ಹೊಸ ಕಾರಿಗೆ ಬೆಲೆಯ 13ರಿಂದ 18 ಪರ್ಸೆಂಟಿನವರೆಗೆ ಇದ್ದದ್ದು. ಪಾಂಡಿಚೇರಿ ನಂಬರಿನ ದೊಡ್ಡ ಕಾರುಗಳು ಬೆಂಗಳೂರಿನಲ್ಲಿ ಯಾಕೆ ಅಷ್ಟು ತಿರುಗುತ್ತಿದ್ದವು ಎಂಬುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. 2014ರಲ್ಲಿ ಸರ್ಕಾರ, ಹೊರ ರಾಜ್ಯದ ಗಾಡಿ ಇಲ್ಲಿ 30 ದಿನ ಇದ್ದರೆ ತೆರಿಗೆ ಎಂದು ತಿದ್ದುಪಡಿ ತಂದು ಬೀದಿಬೀದಿಯಲ್ಲಿ ಹಿಡಿಯಿತು. ಕೇಂದ್ರದ ಕಾಯ್ದೆ 12 ತಿಂಗಳು ಕೊಟ್ಟಿದೆಯಲ್ಲ ಎಂದು 2016ರಲ್ಲಿ ಹೈಕೋರ್ಟು ಅದನ್ನು ರದ್ದು ಮಾಡಿತು. ಮಗಳು ಆ ಕಾರು ಬಿಟ್ಟು ಕೆಎ 05 ಒಂದನ್ನು ತೆಗೆದುಕೊಂಡಳು.

ಇನ್ನೊಂದು ಒಳ್ಳೆಯ ಬದಲಾವಣೆ ಆಗಿದೆ. 2023ರ ಏಪ್ರಿಲ್ 1ರಿಂದ ಹಳೇ ಗಾಡಿಯ ವ್ಯಾಪಾರಿಗಳು ಆರ್‌ಟಿಓದಿಂದ ಅಧಿಕಾರ ಪತ್ರ ಪಡೆಯಬೇಕು. ಗಾಡಿ ಅವರ ಕೈಗೆ ಬಂದದ್ದನ್ನು ಮಾಲೀಕ ತಿಳಿಸಿದರೆ, ಮುಂದಿನ ಗಿರಾಕಿ ಸಿಗುವವರೆಗೆ ಅವರೇ ಮಾಲೀಕರೆಂದು ಲೆಕ್ಕ. ಅರವತ್ತು ವರ್ಷ ಖಾಲಿ ಬಿಟ್ಟಿದ್ದ ಜಾಗದಲ್ಲಿ ಕೊನೆಗೂ ಒಂದು ಹೆಸರು ಬರೆದರು. ಆದರೆ ಇದು ಅಂಗಡಿಯವನಿಗೆ ಕೊಟ್ಟಾಗ ಮಾತ್ರ. ಪಕ್ಕದ ಮನೆಯವನಿಗೆ, ಭಾವಮೈದುನನಿಗೆ, ಆಫೀಸಿನ ಗೆಳೆಯನಿಗೆ ಕೊಟ್ಟರೆ ಹಳೆಯ ಕಥೆಯೇ.

ಮಗಳ ಕಾರಿಗೆ ದುಡ್ಡು ಕೊಡುವ ಮುಂಚೆ ಬಿ ಎಕ್ಸ್‌ಟ್ರ್ಯಾಕ್ಟ್ ತೆಗೆಸಲು ಹೇಳಿದೆ. ಕಚೇರಿಯ ಬಿ ರಿಜಿಸ್ಟರಿನ ನಕಲು ಅದು. ಮಾಲೀಕ ಯಾರು, ಎಷ್ಟನೆಯವನು, ಸಾಲದ ಷರಾ ಇದೆಯೋ ಎಲ್ಲ ಅದರಲ್ಲಿರುತ್ತದೆ. ಕಾರ್ಡನ್ನು ನಂಬಬೇಡಿ, ಮೊಬೈಲಿನ ಫೋಟೋವನ್ನಂತೂ ನಂಬಲೇಬೇಡಿ.

ಆ ನೆಪದಲ್ಲಿ ನಾನೂ ನಮ್ಮ ಹಳೇ ಕಚೇರಿಗೆ ಹೋಗಿ ನನ್ನ ಫಿಯಟ್ಟಿನ ಎಕ್ಸ್‌ಟ್ರ್ಯಾಕ್ಟ್ ಕೇಳಿದೆ. 2004ರಲ್ಲಿ ಅದನ್ನು ಗುಜರಿಯವನಿಗೆ ಕೊಟ್ಟಿದ್ದೆ. ನನ್ನ ಎದುರಲ್ಲೇ ಗ್ಯಾಸ್ ಕಟ್ಟರ್ ಹಚ್ಚಿ ಎರಡು ತುಂಡು ಮಾಡಿದ್ದ. ಗಾಡಿ ಗುಜರಿಯಾದರೆ 14 ದಿನದಲ್ಲಿ ತಿಳಿಸಿ ನೋಂದಣಿ ರದ್ದು ಮಾಡಿಸಬೇಕು ಎಂಬ ನಿಯಮವನ್ನು ಎಷ್ಟೋ ಅಫಿಡವಿಟ್ಟಿನಲ್ಲಿ ಟೈಪು ಮಾಡಿದವನು ನಾನು. ಇವತ್ತು ನಾಳೆ ಎಂದುಕೊಂಡೇ ಉಳಿಯಿತು. ಗುಮಾಸ್ತೆ ಹುಡುಗಿ ದೂಳು ಕೊಡವಿ ದಪ್ಪ ರಿಜಿಸ್ಟರು ತೆಗೆದು, ಸಾಲಿನ ಮೇಲೆ ಬೆರಳಿಟ್ಟು ತೋರಿಸಿದಳು. ಮಾಲೀಕರ ಕಾಲಮಿನಲ್ಲಿ ಪ್ಲಾಂಟರ ಹೆಸರು ಹೊಡೆದಿದೆ, ಅವರ ಹೆಂಡತಿಯ ಹೆಸರು ಹೊಡೆದಿದೆ, ಅದರ ಕೆಳಗೆ ನನ್ನ ಹೆಸರು ಹಾಗೇ ಇದೆ.